ಪಿಯುಸಿಯಲ್ಲಿ ಗಣಿತ ಓದದವರು ಬಿ.ಎ. ಅರ್ಥಶಾಸ್ತ್ರಕ್ಕೆ ಯಾವ ಕಾಂಬಿನೇಷನ್ ಹಿಡಿಯಬೇಕು?

ಕೆರೆಏರಿ_ಮಂಡ್ಯ:
ಎಲ್ಲರಿಗೂ ನಮಸ್ಕಾರ. ನನ್ನ ಅಕ್ಕನ ಮಗಳು ಈ ವರ್ಷ ಎಚ್‌ಇಪಿಎಸ್‌ನಲ್ಲಿ, ಅಂದರೆ ಇತಿಹಾಸ, ಅರ್ಥಶಾಸ್ತ್ರ, ರಾಜ್ಯಶಾಸ್ತ್ರ ಮತ್ತು ಸಮಾಜಶಾಸ್ತ್ರ ತೆಗೆದುಕೊಂಡು ದ್ವಿತೀಯ ಪಿಯುಸಿ ಮುಗಿಸಿದ್ದಾಳೆ. ಅರ್ಥಶಾಸ್ತ್ರದಲ್ಲಿ 91 ಅಂಕ ಬಂದಿದೆ. ಮುಂದೆಯೂ ಅದನ್ನೇ ಓದುತ್ತೇನೆ ಎಂದು ಹಟ ಹಿಡಿದಿದ್ದಾಳೆ. ಮೊನ್ನೆ ಮೈಸೂರಿನ ಒಂದು ಕಾಲೇಜಿಗೂ ಮಂಡ್ಯದ ಒಂದು ಕಾಲೇಜಿಗೂ ಹೋಗಿ ಅರ್ಜಿ ತಂದೆವು. ಎರಡರಲ್ಲೂ ಅರ್ಥಶಾಸ್ತ್ರ ಒಂದನ್ನೇ ಗುರುತು ಮಾಡಲು ಜಾಗವಿಲ್ಲ, ಮೂರು ವಿಷಯಗಳ ಗುಂಪನ್ನೇ ಆರಿಸಬೇಕು.

ಓದು ಮುಗಿಯುವ ಹೊತ್ತಿಗೆ ತಾನು ಅರ್ಥಶಾಸ್ತ್ರದವಳು ಎಂದು ಅವಳು ಧೈರ್ಯವಾಗಿ ಹೇಳಿಕೊಳ್ಳಬೇಕಾದರೆ ಯಾವ ಗುಂಪು ಒಳ್ಳೆಯದು? ಕೃಷಿ ಅರ್ಥಶಾಸ್ತ್ರ, ಬ್ಯಾಂಕಿಂಗ್ ಎಂದೆಲ್ಲ ವಿಶೇಷಾಧ್ಯಯನ ಇರುತ್ತದಂತೆ, ಅದನ್ನು ಪದವಿಯಲ್ಲೇ ಆರಿಸಿಕೊಳ್ಳಲು ಬರುತ್ತದೆಯೇ? ಪದವಿ ಮೂರು ವರ್ಷವೋ ನಾಲ್ಕು ವರ್ಷವೋ ಎಂಬುದನ್ನೂ ಒಬ್ಬೊಬ್ಬರು ಒಂದೊಂದು ರೀತಿ ಹೇಳುತ್ತಿದ್ದಾರೆ. ನಮ್ಮ ಭಾವನವರ ಲೆಕ್ಕದಲ್ಲಿ ಬಿ.ಎ. ಎಂದರೆ ಗಂಡು ಗೊತ್ತಾಗುವವರೆಗೆ ಕಾಲ ತಳ್ಳುವ ಓದು. ತಿಳಿದವರು ಬಿಡಿಸಿ ಹೇಳಿದರೆ ಅವರ ಮುಂದೆ ಮಾತನಾಡಲು ನನಗೂ ಒಂದು ಆಧಾರ ಸಿಗುತ್ತದೆ.

ಲೆಕ್ಕದಪುಸ್ತಕ:
ಬಿ.ಕಾಂ.ಗೆ ಸೇರಿಸಿ ಸ್ವಾಮಿ. ಅದರಲ್ಲೂ ಅರ್ಥಶಾಸ್ತ್ರ ಇದೆ, ಜೊತೆಗೆ ಹೊಟ್ಟೆಪಾಡಿಗೆ ದಾರಿಯೂ ಇದೆ.

ನಿವೃತ್ತ_ಮೇಷ್ಟ್ರು:
ಬಿ.ಕಾಂ.ನಲ್ಲಿ ಅರ್ಥಶಾಸ್ತ್ರ ಇದೆ ಎನ್ನುವುದು ಸಾರಿನಲ್ಲಿ ಇಂಗು ಇದೆ ಎಂದ ಹಾಗೆ. ಒಂದೆರಡು ಪತ್ರಿಕೆಗಳಲ್ಲಿ ಬೇಡಿಕೆ, ವೆಚ್ಚ, ಮಾರುಕಟ್ಟೆಯ ರೂಪಗಳನ್ನು ವ್ಯಾಪಾರಿಯ ಕಣ್ಣಿನಿಂದ ಹೇಳಿ ಮುಗಿಸುತ್ತಾರೆ. ಲೆಕ್ಕಪತ್ರ ಇಷ್ಟವಿರುವವರಿಗೆ ಅದು ಉತ್ತಮ ಪದವಿ ಎಂಬುದರಲ್ಲಿ ನನಗೆ ತಕರಾರಿಲ್ಲ. ಆದರೆ ಈ ಹುಡುಗಿ ಕೇಳುತ್ತಿರುವುದು ಅದನ್ನಲ್ಲ.

ವರ್ಷಗಳ ಗೊಂದಲವನ್ನು ಮೊದಲು ಬಿಡಿಸುತ್ತೇನೆ. ಕರ್ನಾಟಕದಲ್ಲಿ 2021-22ರಿಂದ ರಾಷ್ಟ್ರೀಯ ಶಿಕ್ಷಣ ನೀತಿಯ ಪ್ರಕಾರ ನಾಲ್ಕು ವರ್ಷದ ಆನರ್ಸ್ ಪದವಿ ಬಂತು. ಅದರಲ್ಲಿ ಮೊದಲ ಎರಡು ವರ್ಷ ಎರಡು ವಿಷಯಗಳನ್ನು ಸಮವಾಗಿ ಓದಿ, ಮೂರನೆಯ ವರ್ಷ ಒಂದನ್ನು ಮೇಜರ್, ಇನ್ನೊಂದನ್ನು ಮೈನರ್ ಎಂದು ಮಾಡಿಕೊಳ್ಳಬಹುದಿತ್ತು. ಅನಂತರ ಪ್ರೊ. ಸುಖದೇವ್ ಥೋರಟ್ ಅವರ ನೇತೃತ್ವದ ರಾಜ್ಯ ಶಿಕ್ಷಣ ನೀತಿ ಆಯೋಗ ಮಧ್ಯಂತರ ವರದಿ ಕೊಟ್ಟಿತು. ಅದನ್ನು ಆಧರಿಸಿ ಸರ್ಕಾರ 2024-25ರಿಂದ ಮತ್ತೆ ಮೂರು ವರ್ಷದ ಪದವಿಗೆ, ಮೂರು ವಿಷಯಗಳಿಗೂ ಸಮಾನ ತೂಕ ಕೊಡುವ ಹಳೆಯ ಪದ್ಧತಿಗೆ ಮರಳಿತು. ಥೋರಟ್ ಅವರೇ ಅರ್ಥಶಾಸ್ತ್ರಜ್ಞರು. ಆದರೂ ಅವರ ವರದಿಯಿಂದ ಅರ್ಥಶಾಸ್ತ್ರಕ್ಕೆ ಪದವಿಯಲ್ಲಿ ಮೂರನೆಯ ಒಂದು ಪಾಲಷ್ಟೇ ಉಳಿಯಿತು ಎಂದು ನಾವು ಹಳೆಯ ಮೇಷ್ಟ್ರುಗಳು ನಗುತ್ತಿರುತ್ತೇವೆ.

ಆದ್ದರಿಂದ ಈಗ ಸೇರುವವರಿಗೆ ಪದವಿ ಮೂರು ವರ್ಷ. ಅರ್ಥಶಾಸ್ತ್ರದ ಪಕ್ಕದಲ್ಲಿ ಕೂರುವ ಉಳಿದ ಎರಡು ವಿಷಯ ಯಾವುವು ಎಂಬುದೇ ಮುಖ್ಯ ಪ್ರಶ್ನೆ.

ಕುಕ್ಕರಹಳ್ಳಿ_ವಾಕಿಂಗ್:
ಎಚ್‌ಇಪಿ ಹಿಡಿದರೆ ಕೆಎಎಸ್ ಪರೀಕ್ಷೆಗೆ ಅನುಕೂಲ. ಇದರಲ್ಲಿ ಇಷ್ಟೊಂದು ಯೋಚಿಸುವುದೇನಿದೆ?

ಗಂಗೋತ್ರಿ_ಹಳಬ:
ಯೋಚಿಸುವುದು ಇದೆ, ನನ್ನ ಕಥೆ ಕೇಳಿ. ನಾನೂ ಎಚ್‌ಇಪಿ ಓದಿದವನೇ. ಕನ್ನಡ ಮಾಧ್ಯಮದಲ್ಲಿ ಬರೆದು ಒಳ್ಳೆಯ ಅಂಕ ತೆಗೆದುಕೊಂಡೆ. ಗೆಳೆಯನೊಬ್ಬ ಹುರಿದುಂಬಿಸಿದನೆಂದು ಹೊರರಾಜ್ಯದ ಒಂದು ಸಂಸ್ಥೆಯ ಎಂ.ಎ. ಪ್ರವೇಶ ಪರೀಕ್ಷೆಗೆ ಕುಳಿತೆ. ಪ್ರಶ್ನೆಪತ್ರಿಕೆಯ ಮೊದಲ ಪುಟದಲ್ಲೇ ತಲೆಕೆಳಗಾದ ವೈ ಅಕ್ಷರದಂತೆ ಏನೋ ಕಂಡಿತು. ಅಚ್ಚಿನ ತಪ್ಪಿರಬೇಕು ಎಂದುಕೊಂಡು ಕೈ ಎತ್ತಿ ಮೇಲ್ವಿಚಾರಕರನ್ನು ಕರೆದೆ. ಅವರು ನನ್ನ ಮುಖ ನೋಡಿ, "ಅದು ಲ್ಯಾಂಬ್ಡಾ" ಎಂದಷ್ಟೇ ಹೇಳಿ ಮುಂದೆ ಹೋದರು. ಇರುವ ಆದಾಯದ ಮಿತಿಯೊಳಗೆ ಗ್ರಾಹಕ ಗರಿಷ್ಠ ತೃಪ್ತಿ ಪಡೆಯುವುದು ಹೇಗೆ ಎಂದು ನಾನು ಬಿ.ಎ.ಯಲ್ಲಿ ನಾಲ್ಕು ಪುಟ ಬರೆಯುತ್ತಿದ್ದೆನಲ್ಲ, ಅದೇ ಮಾತನ್ನು ಅವರು ಆ ಒಂದು ಗ್ರೀಕ್ ಅಕ್ಷರ ಹಾಕಿ ಎರಡು ಸಾಲಿನಲ್ಲಿ ಕೇಳಿದ್ದರು. ಉತ್ತರ ನನಗೆ ಗೊತ್ತಿತ್ತು. ಪ್ರಶ್ನೆ ಓದಲು ಬರಲಿಲ್ಲ.

ಕೊನೆಗೆ ಮಾನಸಗಂಗೋತ್ರಿಯಲ್ಲೇ ಎಂ.ಎ. ಮಾಡಿದೆ, ಅದರ ಬಗ್ಗೆ ನನಗೆ ಕೊರಗಿಲ್ಲ. ಆದರೆ ಮೊದಲ ಸೆಮಿಸ್ಟರ್ ಪೂರ್ತಿ ಅವಕಲನ, ಅಂದರೆ ಕ್ಯಾಲ್ಕುಲಸ್, ಕಲಿಯುವುದರಲ್ಲೇ ಕಳೆಯಿತು.

ಸಂಖ್ಯಾರೇಖಾ:
ನಾನು ಪದವಿ ಕಾಲೇಜಿನಲ್ಲಿ ಸಂಖ್ಯಾಶಾಸ್ತ್ರ ಕಲಿಸುತ್ತೇನೆ, ಹಾಗಾಗಿ ನನ್ನ ಮಾತು ಒಂದು ಕಡೆಗೆ ವಾಲಿದರೆ ಕ್ಷಮಿಸಿ. ಗಂಗೋತ್ರಿ_ಹಳಬ ಅವರಿಗೆ ಆದದ್ದು ಅವರೊಬ್ಬರಿಗೇ ಆದದ್ದಲ್ಲ. ದೆಹಲಿ ವಿಶ್ವವಿದ್ಯಾನಿಲಯದ ಬಿ.ಎ. ಆನರ್ಸ್ ಅರ್ಥಶಾಸ್ತ್ರಕ್ಕೆ ಹನ್ನೆರಡನೆಯ ತರಗತಿಯಲ್ಲಿ ಗಣಿತ ಓದಿರಲೇಬೇಕು. ಮುಂಬಯಿಯ ಇಂದಿರಾಗಾಂಧಿ ಅಭಿವೃದ್ಧಿ ಸಂಶೋಧನಾ ಸಂಸ್ಥೆ ಎಂ.ಎಸ್ಸಿ. ಅರ್ಥಶಾಸ್ತ್ರಕ್ಕೂ ಪಿಯುಸಿ ಮಟ್ಟದ ಗಣಿತವನ್ನು ಕೇಳುತ್ತದೆ. ಅಂದರೆ ಹದಿನಾರನೆಯ ವಯಸ್ಸಿನಲ್ಲಿ ಆರಿಸಿಕೊಂಡ ಕಾಂಬಿನೇಷನ್ ಇಪ್ಪತ್ತೊಂದರಲ್ಲಿ ಬಾಗಿಲು ಹಾಕುತ್ತದೆ, ಮತ್ತು ಆರಿಸುವಾಗ ಈ ಮಾತನ್ನು ಯಾರೂ ಹೇಳಿರುವುದಿಲ್ಲ.

ದಾರಿಯೇ ಇಲ್ಲವೆಂದು ಅರ್ಥವಲ್ಲ. ರಾಷ್ಟ್ರೀಯ ಮುಕ್ತ ಶಾಲಾ ಶಿಕ್ಷಣ ಸಂಸ್ಥೆಯಲ್ಲಿ, ಅಂದರೆ ಎನ್‌ಐಒಎಸ್‌ನಲ್ಲಿ, ಹನ್ನೆರಡನೆಯ ತರಗತಿಯ ಗಣಿತವೊಂದನ್ನೇ ಬಿಡಿ ವಿಷಯವಾಗಿ ಕಟ್ಟಿ ಪಾಸು ಮಾಡಿಕೊಳ್ಳಬಹುದು. ಬಿ.ಎ. ಮೊದಲ ವರ್ಷದ ಜೊತೆಯಲ್ಲೇ ಅದನ್ನು ಮುಗಿಸಿಕೊಂಡ ಹುಡುಗಿಯೊಬ್ಬಳು ನನ್ನ ತರಗತಿಯಲ್ಲಿದ್ದಳು. ಕಷ್ಟವಾಯಿತು, ಆದರೆ ಆಯಿತು. ಯಾವ ಸಂಸ್ಥೆಯ ಕನಸಿದೆಯೋ ಅದರ ಪ್ರವೇಶ ಪ್ರಕಟಣೆಯನ್ನು ಮೊದಲು ಓದಿ, ಆಮೇಲೆ ಶುಲ್ಕ ಕಟ್ಟಿ.

ಲೆಕ್ಕದಪುಸ್ತಕ:
ಗಣಿತ ಬೇಡವೆಂದೇ ಎಚ್‌ಇಪಿಎಸ್ ತೆಗೆದುಕೊಂಡ ಹುಡುಗಿಯ ಕೈಯಲ್ಲಿ ಮತ್ತೆ ಗಣಿತ ಕಟ್ಟಿಸುತ್ತೀರಾ ಮೇಡಂ? ಇದು ಯಾವ ನ್ಯಾಯ?

ಸಂಖ್ಯಾರೇಖಾ:
ಅವಳು ಬೇಡವೆಂದಳೋ, ಅವಳ ಪಿಯು ಕಾಲೇಜಿನಲ್ಲಿ ಬೇರೆ ಕಾಂಬಿನೇಷನ್ನೇ ಇರಲಿಲ್ಲವೋ, ಅದನ್ನು ಯಾರಾದರೂ ಕೇಳಿದಿರಾ? ಸಂಖ್ಯಾಶಾಸ್ತ್ರ, ಅರ್ಥಶಾಸ್ತ್ರ, ವ್ಯವಹಾರ ಅಧ್ಯಯನ, ಲೆಕ್ಕಶಾಸ್ತ್ರವಿರುವ ಎಸ್‌ಇಬಿಎ ಎಷ್ಟು ಹಳ್ಳಿಯ ಕಾಲೇಜುಗಳಲ್ಲಿದೆ ಎಂದು ಒಮ್ಮೆ ವಿಚಾರಿಸಿ ನೋಡಿ.

ಕೆರೆಏರಿ_ಮಂಡ್ಯ:
ಮೇಡಂ ಹೇಳಿದ್ದು ಸರಿ. ಅವಳ ಕಾಲೇಜಿನಲ್ಲಿ ಕಲಾ ವಿಭಾಗಕ್ಕೆ ಇದ್ದದ್ದು ಅದೊಂದೇ ಗುಂಪು.

ನಿವೃತ್ತ_ಮೇಷ್ಟ್ರು:
ಈಗ ಗುಂಪಿನ ಮಾತಿಗೆ ಬರೋಣ. ನಮ್ಮ ಭಾಗದ ಬಿ.ಎ. ಕಾಲೇಜುಗಳಲ್ಲಿ ಅರ್ಥಶಾಸ್ತ್ರದ ಜೊತೆ ಹೆಚ್ಚಾಗಿ ಸಿಗುವುದು ಇತಿಹಾಸ, ರಾಜ್ಯಶಾಸ್ತ್ರ, ಸಮಾಜಶಾಸ್ತ್ರ ಮತ್ತು ಐಚ್ಛಿಕ ಕನ್ನಡ. ಕೆಲವೇ ಕಡೆ ಸಂಖ್ಯಾಶಾಸ್ತ್ರ, ಗಣಿತ ಅಥವಾ ಭೂಗೋಳ ಸಿಗುತ್ತದೆ. ಎಲ್ಲಿ ಸಿಗುತ್ತದೆಯೋ ಅಲ್ಲಿ, ಕಾಲೇಜಿನ ಹೆಸರು ಸ್ವಲ್ಪ ಚಿಕ್ಕದಾದರೂ, ಸೇರಿಸಿ ಎನ್ನುವುದು ನನ್ನ ಅಭಿಪ್ರಾಯ. ಕಟ್ಟಡದ ಕಂಬ ಎಷ್ಟು ದಪ್ಪವಿದೆ ಎಂದು ನೋಡಿ ಕಾಲೇಜು ಆರಿಸಿದವರನ್ನು ನಾನು ಬಹಳ ಜನ ಕಂಡಿದ್ದೇನೆ.

ವಿಶೇಷಾಧ್ಯಯನದ ಬಗ್ಗೆ ಒಂದು ತಪ್ಪು ಕಲ್ಪನೆಯನ್ನು ತಿದ್ದಬೇಕು. ಮೂರು ವಿಷಯದ ಬಿ.ಎ.ಯಲ್ಲಿ ಕೃಷಿ ಅರ್ಥಶಾಸ್ತ್ರದ ಪದವಿ, ಬ್ಯಾಂಕಿಂಗ್ ಪದವಿ ಎಂದು ಬೇರೆ ಬೇರೆ ಇರುವುದಿಲ್ಲ. ಸೂಕ್ಷ್ಮ ಅರ್ಥಶಾಸ್ತ್ರ, ಸಮಗ್ರ ಅರ್ಥಶಾಸ್ತ್ರ, ಸಾರ್ವಜನಿಕ ಹಣಕಾಸು, ಭಾರತದ ಆರ್ಥಿಕತೆ, ಕರ್ನಾಟಕದ ಆರ್ಥಿಕತೆ, ಅಂತರರಾಷ್ಟ್ರೀಯ ವ್ಯಾಪಾರ, ಇಂಥ ಪತ್ರಿಕೆಗಳ ಸುತ್ತಲೇ ಪಠ್ಯಕ್ರಮ ತಿರುಗುತ್ತದೆ. ಕೊನೆಯ ಸೆಮಿಸ್ಟರ್‌ಗಳಲ್ಲಿ ಗ್ರಾಮೀಣಾಭಿವೃದ್ಧಿ, ಪರಿಸರ ಅರ್ಥಶಾಸ್ತ್ರದಂಥ ಆಯ್ಕೆಗಳನ್ನು ಪಠ್ಯಕ್ರಮದ ಪುಸ್ತಕದಲ್ಲಿ ಅಚ್ಚು ಹಾಕಿರಬಹುದು. ಆದರೆ ಇರುವ ಇಬ್ಬರು ಅಧ್ಯಾಪಕರಿಗೆ ಯಾವುದು ಬರುತ್ತದೆಯೋ ಅದೇ ಇಡೀ ತರಗತಿಯ ಆಯ್ಕೆ. ನಿಜವಾದ ವಿಶೇಷಾಧ್ಯಯನ ಶುರುವಾಗುವುದು ಎಂ.ಎ.ಯಲ್ಲಿ. ಅಲ್ಲಿ ಕೃಷಿ, ಹಣಕಾಸು, ಅಭಿವೃದ್ಧಿ, ಅರ್ಥಮಿತಿ (ಅಂಕಿಅಂಶಗಳಿಂದ ಆರ್ಥಿಕ ಸಂಬಂಧಗಳನ್ನು ಅಳೆಯುವ ಶಾಖೆ) ಎಂದು ಕವಲೊಡೆಯುತ್ತದೆ.

ಪಾಂಡವಪುರದವಳು:
ಸರ್, ನಾನು ಈಗ ಬಿ.ಎ. ಓದುತ್ತಿದ್ದೇನೆ. ನೀವು ಹೇಳಿದ ಆಯ್ಕೆಯ ಮಾತು ಅಕ್ಷರಶಃ ನಿಜ. ನಮ್ಮ ಕಾಲೇಜಿನಲ್ಲಿ ಎರಡು ಐಚ್ಛಿಕ ಪತ್ರಿಕೆಗಳ ಹೆಸರನ್ನು ಫಲಕದಲ್ಲಿ ಹಾಕಿ, ನಮ್ಮ ಒಪ್ಪಿಗೆ ಕೇಳುವ ಮೊದಲೇ ಒಂದರ ಮೇಲೆ ಸೀಮೆಸುಣ್ಣದಲ್ಲಿ ಗೆರೆ ಎಳೆದಿದ್ದರು.

ಇನ್ನೊಂದು ಕಷ್ಟ ಭಾಷೆಯದು. ಔದಾಸೀನ್ಯ ವಕ್ರರೇಖೆ ಎಂದು ಮೊದಲು ಕೇಳಿದಾಗ ಗ್ರಾಹಕ ಸೋಮಾರಿಯಾಗಿದ್ದಾನೆ ಎಂದೇ ನಾನು ತಿಳಿದಿದ್ದೆ. ಆ ರೇಖೆಯ ಮೇಲಿನ ಎಲ್ಲ ಜೋಡಿಗಳೂ ಅವನಿಗೆ ಒಂದೇ, ಇದಾದರೂ ಸರಿ ಅದಾದರೂ ಸರಿ ಎನ್ನುವ ಅರ್ಥ ಹೊಳೆಯಲು ಒಂದು ತಿಂಗಳು ಬೇಕಾಯಿತು.

ಗಂಗೋತ್ರಿ_ಹಳಬ:
ಅದಕ್ಕೇ ಎರಡೂ ಭಾಷೆಯ ಪಾರಿಭಾಷಿಕ ಪದಗಳನ್ನು ಒಂದೇ ನೋಟ್‌ಬುಕ್ಕಿನಲ್ಲಿ ಎದುರುಬದುರು ಬರೆದಿಟ್ಟುಕೊಳ್ಳಿ ತಂಗಿ. ಕನ್ನಡದಲ್ಲಿ ಅರ್ಥ ಮಾಡಿಕೊಳ್ಳಿ, ಇಂಗ್ಲಿಷಿನಲ್ಲಿ ಗುರುತು ಹಿಡಿಯುವುದನ್ನು ರೂಢಿ ಮಾಡಿಕೊಳ್ಳಿ. ಕರ್ನಾಟಕ ಸರ್ಕಾರ ಪ್ರತಿವರ್ಷ ತರುವ ಆರ್ಥಿಕ ಸಮೀಕ್ಷೆ ಎರಡೂ ಭಾಷೆಗಳಲ್ಲಿ ಬರುತ್ತದೆ. ಪಕ್ಕದಲ್ಲಿ ಪಕ್ಕ ಇಟ್ಟುಕೊಂಡು ಒಂದು ಅಧ್ಯಾಯ ಓದಿದರೆ ಅರ್ಧ ನಿಘಂಟು ತಾನಾಗಿಯೇ ಬರುತ್ತದೆ.

ವಿಸಿನಾಲೆ_ಬಯಲು:
ನಾನು ಬಿ.ಎ. ಅರ್ಥಶಾಸ್ತ್ರ ಮುಗಿಸಿ ಕಬ್ಬು ಬೆಳೆಯುತ್ತಿರುವವನು. ಗಣಿತ ಎಂದರೆ ಭೂತ ಎನ್ನುವಂತೆ ಇಲ್ಲಿ ಮಾತು ನಡೆಯುತ್ತಿದೆ, ಅದಕ್ಕಾಗಿ ಒಂದು ಉದಾಹರಣೆ ಕೊಡುತ್ತೇನೆ. ಕೇಂದ್ರ ಸರ್ಕಾರ 2025-26ರ ಹಂಗಾಮಿಗೆ ಕಬ್ಬಿನ ಎಫ್‌ಆರ್‌ಪಿಯನ್ನು, ಅಂದರೆ ನ್ಯಾಯಯುತ ಮತ್ತು ಲಾಭದಾಯಕ ಬೆಲೆಯನ್ನು, ಶೇ. 10.25 ಸಕ್ಕರೆ ಇಳುವರಿಗೆ, ಅಂದರೆ ನೂರು ಕಿಲೋ ಕಬ್ಬಿನಿಂದ 10.25 ಕಿಲೋ ಸಕ್ಕರೆ ಬಂದರೆ, ಕ್ವಿಂಟಲ್‌ಗೆ 355 ರೂಪಾಯಿ ಎಂದು ನಿಗದಿ ಮಾಡಿದೆ. ಇಳುವರಿ ಶೇ. 0.1 ಏರಿದರೆ 3.46 ರೂಪಾಯಿ ಹೆಚ್ಚು, ಇಳಿದರೆ ಅಷ್ಟೇ ಕಡಿಮೆ. ಇದನ್ನು ಚೌಕಳಿ ಹಾಳೆಯ ಮೇಲೆ ಬರೆಯಿರಿ, ಅಡ್ಡಕ್ಕೆ ಇಳುವರಿ, ನೆಟ್ಟಗೆ ಬೆಲೆ. ಒಂದು ಸರಳರೇಖೆ ಬರುತ್ತದೆ. ಅದರ ಇಳಿಜಾರು ಆ 3.46. ನಮ್ಮೂರಿನ ಕಟ್ಟೆಯ ಮೇಲೆ ಕುಳಿತ ಮುದುಕರು ಈ ಲೆಕ್ಕವನ್ನು ಬೀಡಿ ಸೇದುತ್ತಲೇ ಬಾಯಲ್ಲಿ ಮಾಡುತ್ತಾರೆ. ಆ ಹುಡುಗಿಯ ಮನೆಯಲ್ಲೂ ಕಬ್ಬಿದ್ದರೆ ಅವಳಿಗೂ ಬರುತ್ತದೆ. ಅದಕ್ಕೆ ಗಣಿತದಲ್ಲಿ ಫಂಕ್ಷನ್ ಎಂಬ ಹೆಸರಿದೆ ಎಂದು ಯಾರೂ ಹೇಳಿಲ್ಲ, ಅಷ್ಟೇ.

ಸಂಖ್ಯಾರೇಖಾ:
ಬಹಳ ಒಳ್ಳೆಯ ಉದಾಹರಣೆ, ಒಂದು ತಿದ್ದುಪಡಿ ಮಾತ್ರ. ರೇಖೆ ಕೆಳಕ್ಕೆ ಇಳಿಯುತ್ತಲೇ ಹೋಗುವುದಿಲ್ಲ. ಇಳುವರಿ ಶೇ. 9.5ಕ್ಕಿಂತ ಕಡಿಮೆಯಾದರೆ ಮತ್ತೆ ಕಡಿತವಿಲ್ಲ, 329.05 ರೂಪಾಯಿಯೇ ಕೊನೆ. 10.25ರಿಂದ 9.5ಕ್ಕೆ ಏಳೂವರೆ ಮೆಟ್ಟಿಲು, ಪ್ರತಿ ಮೆಟ್ಟಿಲಿಗೆ 3.46ರಂತೆ 25.95, ಅದನ್ನು 355ರಲ್ಲಿ ಕಳೆಯಿರಿ, ಸರಿಹೋಗುತ್ತದೆ. ಅಂದರೆ ಅದು ಮಟ್ಟಸವಾಗಿ ಬಂದು, 9.5ರ ಬಳಿ ಮುರಿದು, ಮೇಲೇರುವ ರೇಖೆ. ಇದನ್ನು ನಾಳೆಯೇ ನನ್ನ ತರಗತಿಯಲ್ಲಿ ಬಳಸಿಕೊಳ್ಳುತ್ತೇನೆ.

ಗಂಗೋತ್ರಿ_ಹಳಬ:
ಇನ್ನೂ ಒಂದು ಸೂಕ್ಷ್ಮವಿದೆ. ಆ ಇಳುವರಿ ಒಬ್ಬ ರೈತನ ಗದ್ದೆಯದಲ್ಲ, ಇಡೀ ಕಾರ್ಖಾನೆಯ ಸರಾಸರಿ. ನೀವು ಹದವಾಗಿ ಬಲಿತ ಕಬ್ಬನ್ನು ಕಡಿದ ದಿನವೇ ಕಳಿಸಿ, ಪಕ್ಕದವರು ನಾಲ್ಕು ದಿನ ಬಿಸಿಲಲ್ಲಿ ಒಣಗಿದ್ದನ್ನು ಕಳಿಸಿದರೂ ಇಬ್ಬರಿಗೂ ಸಿಗುವ ದರ ಒಂದೇ. ಒಳ್ಳೆಯ ಕಬ್ಬು ಬೆಳೆಯುವ ಶ್ರಮ ಒಬ್ಬನದು, ಅದರ ಫಲ ಎಲ್ಲರಿಗೂ ಹಂಚಿಹೋಗುತ್ತದೆ. ಪುಕ್ಕಟೆ ಸವಾರರ ಸಮಸ್ಯೆ ಎಂದು ಪುಸ್ತಕದಲ್ಲಿ ಹಡಗುಗಳಿಗೆ ದಾರಿ ತೋರುವ ದೀಪಸ್ತಂಭದ ಉದಾಹರಣೆ ಕೊಟ್ಟು ಕಲಿಸುತ್ತಾರೆ. ಮಂಡ್ಯದ ಮಕ್ಕಳಿಗೆ ದೀಪಸ್ತಂಭ ಏಕೆ ಬೇಕು?

ವಿಸಿನಾಲೆ_ಬಯಲು:
ಕಡಿದ ಕಬ್ಬು ಗದ್ದೆಯಲ್ಲೇ ಒಣಗುವುದು ರೈತನ ತಪ್ಪಲ್ಲ ಸಾರ್, ಕಟಾವಿನ ಆಳು ಮತ್ತು ಲಾರಿ ಹೊತ್ತಿಗೆ ಬರುವುದಿಲ್ಲ. ಇದನ್ನೂ ನಿಮ್ಮ ಸಿದ್ಧಾಂತಕ್ಕೆ ಸೇರಿಸಿಕೊಳ್ಳಿ.

ನಿವೃತ್ತ_ಮೇಷ್ಟ್ರು:
ಮಾತು ಕಬ್ಬಿನ ಗದ್ದೆಗೆ ಹೋಯಿತು, ಆದರೆ ದಾರಿ ತಪ್ಪಿಲ್ಲ. ಪದವಿಯಲ್ಲಿ ವಿಶೇಷಾಧ್ಯಯನ ಇಲ್ಲ ಎಂದೆನಲ್ಲ, ಅದಕ್ಕೆ ಇರುವ ಒಂದೇ ಪರ್ಯಾಯ ಇಂಥ ಕಿರು ಯೋಜನಾ ವರದಿ. ಹಿಂದೆ ನನ್ನ ವಿದ್ಯಾರ್ಥಿಯೊಬ್ಬ ಎರಡು ವಾರ ಆಲೆಮನೆಯಲ್ಲಿ ಕುಳಿತು ಟನ್ ಕಬ್ಬಿಗೆ ಎಷ್ಟು ಬೆಲ್ಲ ಇಳಿಯಿತು, ಒಲೆಗೆ ಎಷ್ಟು ಸೌದೆ ಹೋಯಿತು, ಆಳಿನ ಕೂಲಿ ಎಷ್ಟು ಎಂದು ಬರೆದುಕೊಂಡು ಬಂದ. ಟನ್ನಿಗೆ ಸುಮಾರು ನೂರು ಕಿಲೋ ಬೆಲ್ಲ ಎಂಬ ಲೆಕ್ಕ ಎಲ್ಲರಿಗೂ ಗೊತ್ತು. ಆದರೆ ಬೆಲ್ಲದ ದರ ಎಷ್ಟಕ್ಕೆ ಏರಿದರೆ ರೈತ ಕಾರ್ಖಾನೆಯನ್ನು ಬಿಟ್ಟು ಆಲೆಮನೆಯ ಕಡೆ ಗಾಡಿ ತಿರುಗಿಸುತ್ತಾನೆ ಎಂಬುದನ್ನು ಅವನು ಆ ಹಳ್ಳಿಯ ಮಟ್ಟಿಗೆ ಕಂಡುಹಿಡಿದಿದ್ದ. ಮುಂದೆ ಎಂ.ಎ. ಸಂದರ್ಶನದಲ್ಲಿ ಅವನನ್ನು ಬೇರೇನೂ ಕೇಳಲಿಲ್ಲವಂತೆ, ಅರ್ಧ ಗಂಟೆ ಆಲೆಮನೆಯ ಮಾತೇ ನಡೆಯಿತಂತೆ.

ಕುಕ್ಕರಹಳ್ಳಿ_ವಾಕಿಂಗ್:
ಇಷ್ಟೆಲ್ಲ ಓದಿ ಕೊನೆಗೆ ಕೆಲಸ ಯಾವುದು? ಅದನ್ನೂ ಹೇಳಿ. ಅವರ ಭಾವ ಕೇಳುವ ಪ್ರಶ್ನೆ ಅದೇ.

ಗಂಗೋತ್ರಿ_ಹಳಬ:
ಬರೀ ಬಿ.ಎ.ಗೆ ಅರ್ಥಶಾಸ್ತ್ರದ ಕೆಲಸ ಎಂಬುದು ಬಹಳ ಕಡಿಮೆ. ಕೆಎಎಸ್, ಬ್ಯಾಂಕ್ ಪರೀಕ್ಷೆಗಳಿಗೆ ಯಾವ ಪದವಿಯಾದರೂ ನಡೆಯುತ್ತದೆ. ರಿಸರ್ವ್ ಬ್ಯಾಂಕಿನ ಗ್ರೇಡ್ ಬಿ ಸಾಮಾನ್ಯ ವಿಭಾಗಕ್ಕೂ ಪದವಿ ಸಾಕು, ಆದರೆ ಸಾಮಾನ್ಯ ವರ್ಗದವರಿಗೆ ಶೇ. 60 ಅಂಕ ಇರಬೇಕು. ಅದೇ ಬ್ಯಾಂಕಿನ ಆರ್ಥಿಕ ಸಂಶೋಧನಾ ವಿಭಾಗಕ್ಕೆ ಹೋಗಬೇಕಾದರೆ ಸ್ನಾತಕೋತ್ತರ ಪದವಿ ಬೇಕು. ಯುಪಿಎಸ್‌ಸಿ ನಡೆಸುವ ಭಾರತೀಯ ಆರ್ಥಿಕ ಸೇವೆಗೂ ಅರ್ಥಶಾಸ್ತ್ರದ ಸ್ನಾತಕೋತ್ತರ ಪದವಿ ಕಡ್ಡಾಯ, ವಯಸ್ಸು 21ರಿಂದ 30ರ ಒಳಗೆ. ಪಾಠ ಹೇಳುವ ಆಸೆಯಿದ್ದರೆ ಪಿಯು ಉಪನ್ಯಾಸಕರಾಗಲು ಎಂ.ಎ. ಜೊತೆಗೆ ಬಿ.ಇಡಿ. ಬೇಕು, ಪದವಿ ಕಾಲೇಜಿಗೆ ಎಂ.ಎ. ಜೊತೆಗೆ ನೆಟ್ ಅಥವಾ ಕೆಸೆಟ್ ಅರ್ಹತಾ ಪರೀಕ್ಷೆ ಪಾಸಾಗಿರಬೇಕು. ಬಿ.ಇಡಿ. ವಿಷಯ ತಡವಾಗಿ ಗೊತ್ತಾಗಿ, ಎಂ.ಎ. ಮುಗಿಸಿದ ಮೇಲೆ ಮತ್ತೆ ಎರಡು ವರ್ಷ ಬೆಂಚಿನ ಮೇಲೆ ಕುಳಿತವನು ನಾನು.

ಒಟ್ಟಿನಲ್ಲಿ ಐದು ವರ್ಷದ ಓದು ಎಂದು ಈಗಲೇ ಮನೆಯಲ್ಲಿ ಹೇಳಿಬಿಡಿ. ಮೂರಕ್ಕೆ ಒಪ್ಪಿಸಿ ಆಮೇಲೆ ಎರಡು ಸೇರಿಸುವುದು ಕಷ್ಟ.

ಸಂಖ್ಯಾರೇಖಾ:
ಐದು ವರ್ಷದ ಮಾತಿಗೆ ಒಂದು ಸೇರ್ಪಡೆ. ಯುಜಿಸಿ ಚೌಕಟ್ಟಿನಲ್ಲಿ ಮೂರು ವರ್ಷದ ಪದವಿಗೆ ಕನಿಷ್ಠ 120 ಕ್ರೆಡಿಟ್, ನಾಲ್ಕು ವರ್ಷದ್ದಕ್ಕೆ 160. ನಾಲ್ಕನೆಯ ವರ್ಷ ಸಂಶೋಧನೆಯೊಂದಿಗೆ ಆನರ್ಸ್ ಮಾಡಬೇಕಾದರೆ ಮೊದಲ ಆರು ಸೆಮಿಸ್ಟರ್‌ಗಳಲ್ಲಿ ಶೇ. 75 ಅಂಕ ಬೇಕು. ನಾಲ್ಕು ವರ್ಷ ಓದಿದವರಿಗೆ ಒಂದು ವರ್ಷದ ಎಂ.ಎ.ಗೆ ಅವಕಾಶವಿದೆ, ಮೂರು ವರ್ಷ ಓದಿದವರಿಗೆ ಎರಡು ವರ್ಷ. ಕೂಡಿಸಿದರೆ ಎರಡೂ ಐದೇ. ಆದ್ದರಿಂದ ನಮ್ಮಲ್ಲಿ ನಾಲ್ಕನೆಯ ವರ್ಷ ಹೋಯಿತಲ್ಲ ಎಂದು ಕೊರಗಬೇಕಾಗಿಲ್ಲ. ಅರ್ಥಶಾಸ್ತ್ರವನ್ನೇ ಮುಖ್ಯವಾಗಿ ಓದಬೇಕೆನ್ನುವವರು ಬೆಂಗಳೂರಿನಲ್ಲಿ 2017ರಲ್ಲಿ ಆರಂಭವಾದ ಡಾ. ಬಿ.ಆರ್. ಅಂಬೇಡ್ಕರ್ ಸ್ಕೂಲ್ ಆಫ್ ಎಕನಾಮಿಕ್ಸ್ ಕಡೆಯೂ ನೋಡಬಹುದು.

ಕೆರೆಏರಿ_ಮಂಡ್ಯ:
ಎಲ್ಲರಿಗೂ ವಂದನೆಗಳು. ಈ ದಿನ ಮತ್ತೆ ಎರಡೂ ಕಾಲೇಜಿಗೆ ಹೋಗಿದ್ದೆ. ಒಂದರಲ್ಲಿ ಸಂಖ್ಯಾಶಾಸ್ತ್ರ ಇದೆ, ಆದರೆ ಹದಿನೈದು ಮಂದಿ ಸೇರಿದರೆ ಮಾತ್ರ ಆ ಗುಂಪು ನಡೆಸುತ್ತೇವೆ ಎಂದರು. ಇಲ್ಲಿಯವರೆಗೆ ಒಂಬತ್ತು ಅರ್ಜಿ ಬಂದಿವೆ. ನಮ್ಮದು ಹತ್ತನೆಯದು. ಭಾವನವರಿಗೆ ಐದು ವರ್ಷ ಎಂದು ಹೇಳಿದ್ದಕ್ಕೆ ಅವರು ಊಟದ ತಟ್ಟೆಯಿಂದ ತಲೆ ಎತ್ತಲಿಲ್ಲ. ಬೇಡ ಎಂದೂ ಅನ್ನಲಿಲ್ಲ. ಇಲ್ಲಿನ ಕಬ್ಬಿನ ಲೆಕ್ಕವನ್ನು ಅವಳಿಗೆ ಓದಲು ಕೊಟ್ಟಿದ್ದೇನೆ, ಅವಳೇ ಬರೆಯುತ್ತಾಳಂತೆ.

ಕೆರೆಏರಿ_ಮಂಡ್ಯ:
ಮಾವನ ಫೋನಿನಿಂದ ಬರೆಯುತ್ತಿದ್ದೇನೆ. ಅರ್ಥಶಾಸ್ತ್ರದಲ್ಲಿ ನನಗೆ ಬಂದದ್ದು 94, ಮಾವ ಹೇಳಿದ 91 ರಾಜ್ಯಶಾಸ್ತ್ರದ್ದು. ಇಳುವರಿ ಶೇ. 10.6 ಬಂದರೆ ಮೂರೂವರೆ ಮೆಟ್ಟಿಲು ಮೇಲೆ, ಅಂದರೆ 12.11 ಸೇರಿ ಕ್ವಿಂಟಲ್‌ಗೆ 367.11 ರೂಪಾಯಿ ಎಂದು ನನ್ನ ಲೆಕ್ಕಕ್ಕೆ ಬಂತು. ಒಂದು ಅನುಮಾನವಿದೆ. 9.5ರ ಎಡಗಡೆ ರೇಖೆ ಮಟ್ಟಸವಾಗಿದೆ, ಬಲಗಡೆ ಏರುತ್ತಿದೆ. ಹಾಗಾದರೆ ಸರಿಯಾಗಿ 9.5ರಲ್ಲಿ ಇಳಿಜಾರು ಎಷ್ಟು ಎಂದು ಬರೆಯಬೇಕು?

ಸಂಖ್ಯಾರೇಖಾ:
ಲೆಕ್ಕ ಸರಿಯಾಗಿದೆ ಮಗಳೇ. ಆ ಬಿಂದುವಿನಲ್ಲಿ ಇಳಿಜಾರಿಗೆ ಒಂದೇ ಬೆಲೆ ಇಲ್ಲ, ಎಡದಿಂದ ಬಂದರೆ ಸೊನ್ನೆ, ಬಲದಿಂದ ಬಂದರೆ ಪ್ರತಿ 0.1ಕ್ಕೆ 3.46. ನೀನು ಕೇಳಿದ ಪ್ರಶ್ನೆಯನ್ನೇ ಅವಕಲನದ ಮೊದಲ ಅಧ್ಯಾಯದಲ್ಲಿ ಕೇಳುತ್ತಾರೆ. ಆ ಎನ್‌ಐಒಎಸ್ ಅರ್ಜಿಯನ್ನು ನೋಡು.

ಪಾಂಡವಪುರದವಳು:
ಹದಿನೈದು ತುಂಬಲು ಇನ್ನು ಐದು ಬೇಕು. ನಮ್ಮ ಚಿಕ್ಕಪ್ಪನ ಮಗಳಿಗೂ ಹೇಳುತ್ತೇನೆ.

ಲೆಕ್ಕದಪುಸ್ತಕ:
ಆಗಲಿ. ಆದರೂ ಬಿ.ಕಾಂ.ಗೆ ಒಂದು ಅರ್ಜಿ ಹಾಕಿಟ್ಟಿರಿ.